ಸರ್ಕಾರಿ ನೀತಿಯಲ್ಲಿ ಸುಸ್ಥಿರ ಅಭಿವೃದ್ಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸುಸ್ಥಿರ ಅಭಿವೃದ್ಧಿ ಅಂದರೆ ಒಂದೇ ಮಾತಿನಲ್ಲಿ ಏನು?

ಇವತ್ತಿನವರ ಅಗತ್ಯ ಈಡೇರಬೇಕು. ಆದರೆ ಮುಂದೆ ಬರುವವರು ತಮ್ಮ ಅಗತ್ಯ ಈಡೇರಿಸಿಕೊಳ್ಳುವ ಶಕ್ತಿಗೆ ಧಕ್ಕೆ ಬರಬಾರದು. ಇಷ್ಟೇ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಕೊಟ್ಟ ವಿವರಣೆ ಇದು. ಆ ಆಯೋಗದ ಅಧ್ಯಕ್ಷೆ ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಂಡ್. ಇವತ್ತಿಗೂ ಹೆಚ್ಚಿನ ನೀತಿ ದಾಖಲೆಗಳು ಶುರುವಾಗುವುದು ಇದೇ ಮಾತಿನಿಂದ.

ಆದರೆ ಎಷ್ಟೋ ಜನ ಈ ಮಾತು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದರ ಬೆನ್ನಿಗೇ ಆಯೋಗ ಇನ್ನೆರಡು ವಿಷಯ ಹೇಳಿತ್ತು. ಒಂದು, ಅಗತ್ಯ ಅಂದಾಗ ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಜಗತ್ತಿನ ಬಡವರು. ಎರಡು, ಪ್ರಕೃತಿ ತಾಳಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಈ ಎರಡನ್ನೂ ಬಿಟ್ಟರೆ ಉಳಿಯುವುದು ಯಾರೂ ಬೇಡ ಅನ್ನಲಾಗದ, ಯಾರನ್ನೂ ಕಟ್ಟಿಹಾಕದ ಒಂದು ಒಳ್ಳೆಯ ಮಾತು ಮಾತ್ರ.

ಇದು ಪರಿಸರ ಇಲಾಖೆಯ ಕೆಲಸ ಅಲ್ವಾ?

ಅಲ್ಲ. ಬಹಳಷ್ಟು ದೇಶಗಳಲ್ಲಿ ಕೆಲಸ ಕೆಡುವುದೇ ಇಲ್ಲಿ. ನದಿ ಕೊಳೆಯಾಗುವುದು ಕೈಗಾರಿಕಾ ನೀತಿಯಿಂದ. ಮಣ್ಣು ಸಾರ ಕಳೆದುಕೊಳ್ಳುವುದು ಕೃಷಿ ಸಬ್ಸಿಡಿಯಿಂದ. ನಗರದ ಗಾಳಿ ಹಾಳಾಗುವುದು ಸಾರಿಗೆ ಮತ್ತು ಇಂಧನದ ಲೆಕ್ಕಾಚಾರದಿಂದ. ಇವೆಲ್ಲ ತೀರ್ಮಾನ ಆದಮೇಲೆ ಕಡತ ಪರಿಸರ ಇಲಾಖೆಗೆ ಬಂದರೆ ಅವರು ಮಾಡುವುದಾದರೂ ಏನು? ಆಗಿಹೋದ ಹಾನಿಗೆ ತೇಪೆ ಹಚ್ಚಬಹುದು, ಅಷ್ಟೇ.

ಅದಕ್ಕೇ 1992ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಶೃಂಗಸಭೆ ಒಪ್ಪಿಕೊಂಡ 'ಅಜೆಂಡಾ 21' ಎಂಬ ದೊಡ್ಡ ಕಾರ್ಯಯೋಜನೆಯಲ್ಲಿ ಒಂದು ಇಡೀ ಅಧ್ಯಾಯ ಇದಕ್ಕೇ ಮೀಸಲಾಗಿತ್ತು: ಆರ್ಥಿಕತೆ, ಸಮಾಜ, ಪರಿಸರ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ತೀರ್ಮಾನಕ್ಕೆ ಮುಂಚೆಯೇ ನೋಡಿ ಅಂತ. ನನ್ನ ಮಟ್ಟಿಗೆ ಈ 'ಮುಂಚೆಯೇ' ಅನ್ನುವುದರಲ್ಲೇ ಇಡೀ ವಿಷಯ ಇದೆ. ಕೆಳಗಿನ ಹೆಚ್ಚಿನ ಉತ್ತರಗಳೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಈ ವಿಚಾರ ಸರ್ಕಾರಗಳ ತಲೆಗೆ ಬಂದದ್ದು ಯಾವಾಗ?

ಮೂಲ ವಿಚಾರ ಹಳೆಯದು. 1713ರಲ್ಲೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಇದನ್ನು ಬರೆದಿದ್ದರು. ಬೆಳ್ಳಿ ಕರಗಿಸುವ ಕುಲುಮೆಗಳು ಕಾಡನ್ನೇ ನುಂಗುತ್ತಿದ್ದ ಕಾಲ. ಬೆಳೆಯುವಷ್ಟೇ ಕಡಿಯಿರಿ ಅನ್ನುವುದು ಅವರ ವಾದ.

ಸರ್ಕಾರಗಳು ಒಟ್ಟಿಗೆ ಕೂತು ಮಾತಾಡಿದ್ದು 1972ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ. ಆತಿಥೇಯ ಸ್ವೀಡನ್‌ನ ಪ್ರಧಾನಿ ಬಿಟ್ಟರೆ ಅಲ್ಲಿ ಮಾತಾಡಿದ ಸರ್ಕಾರದ ಮುಖ್ಯಸ್ಥರು ಇಂದಿರಾ ಗಾಂಧಿ ಒಬ್ಬರೇ. ಬಡತನವನ್ನು ಪಕ್ಕಕ್ಕಿಟ್ಟು ಪರಿಸರದ ಮಾತಾಡಲು ಆಗುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಹದಿನೈದು ವರ್ಷಗಳ ನಂತರ ಬಂದ ವಿವರಣೆಯಲ್ಲಿ ಬಡವರಿಗೆ ಮೊದಲ ಜಾಗ ಸಿಕ್ಕಿದ್ದರ ಹಿಂದೆ ಬಡ ದೇಶಗಳು ಹೀಗೆ ಪಟ್ಟು ಹಿಡಿದದ್ದೂ ಇದೆ.

ಅಂದರೆ ರಸ್ತೆ, ಕಾರ್ಖಾನೆ, ಅಣೆಕಟ್ಟು ಏನೂ ಬೇಡ ಅಂತಾನಾ?

ಹಾಗಲ್ಲ. ಬೆಳಕಿಲ್ಲದ ಮನೆಗೆ ವಿದ್ಯುತ್ ಬೇಡ ಎಂದು ಈ ವಿಚಾರ ಯಾವತ್ತೂ ಹೇಳಿಲ್ಲ. ಅದು ಕೇಳುವುದು ಮೂರೇ ಪ್ರಶ್ನೆ. ಇದರ ಲಾಭ ಯಾರಿಗೆ? ಇದರ ಬೆಲೆ ತೆರುವವರು ಯಾರು? ಆಮೇಲೆ ತಪ್ಪು ಅನ್ನಿಸಿದರೆ ಸರಿಪಡಿಸಲು ಆಗುತ್ತದಾ? ಮೂರನೆಯದನ್ನು ಜನ ಮರೆಯುತ್ತಾರೆ. ತಪ್ಪು ಜಾಗದಲ್ಲಿ ಕಟ್ಟಿದ ಕಟ್ಟಡವನ್ನು ಕೆಡವಬಹುದು. ಒಂದು ಜೀವಜಾತಿ ಅಳಿದರೆ, ಅಂತರ್ಜಲಕ್ಕೆ ವಿಷ ಸೇರಿದರೆ, ಯಾವ ಬಜೆಟ್‌ನಿಂದಲೂ ವಾಪಸ್ ತರಲು ಆಗುವುದಿಲ್ಲ.

ಸರ್ಕಾರ ಇದನ್ನು ನಿರ್ಲಕ್ಷಿಸಿದರೆ ನಿಜವಾಗಿ ಏನಾಗುತ್ತದೆ?

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ ಮೀನಿನ ಕಥೆ ನೋಡಿ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗಂತೂ ಗೊತ್ತಿಲ್ಲ.

ಸುಮಾರು ಐನೂರು ವರ್ಷ ಅಲ್ಲಿ ಜನ ಕಾಡ್ ಹಿಡಿದು ಬದುಕಿದರು. ಚಿಕ್ಕ ದೋಣಿ, ಗಾಳ, ಬಲೆ. ಮೀನು ಕಡಿಮೆಯಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಬಂದ ದೈತ್ಯ ಟ್ರಾಲರ್‌ಗಳು ಹಡಗಿನಲ್ಲೇ ಮೀನು ಕೊಯ್ದು ಶೀತಲೀಕರಿಸಿ ವಾರಗಟ್ಟಲೆ ಕಡಲಲ್ಲೇ ಇರುತ್ತಿದ್ದವು. 1968ರಲ್ಲಿ ವರ್ಷದ ಮೀನಿನ ಹಿಡಿತ ಸುಮಾರು 8 ಲಕ್ಷ ಟನ್ ಮುಟ್ಟಿತು. ಆಮೇಲೆ ಕುಸಿಯಿತು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿವರೆಗಿನ ಕಡಲನ್ನು ತನ್ನ ಅಧಿಕಾರಕ್ಕೆ ತೆಗೆದುಕೊಂಡು ಬೇರೆ ದೇಶಗಳ ಹಡಗುಗಳನ್ನು ಹೊರಗಿಟ್ಟಿತು. ಇನ್ನು ಸರಿಹೋಗಬೇಕಿತ್ತು, ಅಲ್ವಾ? ಆಗಲಿಲ್ಲ. ಖಾಲಿಯಾದ ಜಾಗಕ್ಕೆ ತನ್ನದೇ ಟ್ರಾಲರ್‌ಗಳನ್ನು ಬೆಳೆಸಿತು.

ಎಂಬತ್ತರ ದಶಕದಲ್ಲಿ ದಡದ ಹತ್ತಿರ ಮೀನು ಹಿಡಿಯುವವರು ಗೋಳಿಟ್ಟರು: ಮೀನು ಚಿಕ್ಕದಾಗುತ್ತಿದೆ, ಬಲೆ ಖಾಲಿ ಬರುತ್ತಿದೆ. ಅತ್ತ ಸರ್ಕಾರದ ಲೆಕ್ಕದಲ್ಲಿ ಎಲ್ಲ ಚೆನ್ನಾಗಿತ್ತು. ಯಾಕೆ? ಆ ಲೆಕ್ಕ ಟ್ರಾಲರ್‌ಗಳ ಹಿಡಿತದ ಅಂಕಿಗಳನ್ನೂ ನೆಚ್ಚಿಕೊಂಡಿತ್ತು. ಸೋನಾರ್ (ಶಬ್ದದ ಅಲೆಯಿಂದ ನೀರಿನೊಳಗೆ ಹುಡುಕುವ ಯಂತ್ರ) ಇರುವ ಹಡಗು ಉಳಿದಿರುವ ಮೀನಿನ ಗುಂಪನ್ನು ಎಲ್ಲಿದ್ದರೂ ಹುಡುಕುತ್ತದೆ. ಕಡಲು ಬರಿದಾಗುತ್ತಿದ್ದರೂ ಹಡಗು ತುಂಬಿಕೊಂಡೇ ಬರುತ್ತದೆ. ದಶಕದ ಕೊನೆಗೆ ವಿಜ್ಞಾನಿಗಳಿಗೂ ತಪ್ಪು ಗೊತ್ತಾಯಿತು. ಹಿಡಿತದ ಮಿತಿಯನ್ನು ತೀರಾ ಇಳಿಸಿ ಎಂದರು. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಸರ್ಕಾರ ಇಳಿಸಿದ್ದು ಸ್ವಲ್ಪ ಮಾತ್ರ.

1992ರ ಜುಲೈ 2ರಂದು ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ 2024ರವರೆಗೆ ಮುಂದುವರಿಯಿತು. ಕೆಲಸ ಉಳಿಸಲು ಹೊರಟ ನೀತಿಯೇ ಊರೂರನ್ನು ಖಾಲಿ ಮಾಡಿತು. ಪರಿಸರ ಒಂದು ಕಡೆ, ಜೀವನೋಪಾಯ ಇನ್ನೊಂದು ಕಡೆ ಎಂದು ಯಾರಾದರೂ ತಕ್ಕಡಿ ಹಿಡಿದಾಗ ನನಗೆ ನೆನಪಾಗುವುದು ಈ ಊರುಗಳೇ.

ಆರ್ಥಿಕತೆ, ಸಮಾಜ, ಪರಿಸರ ಮೂರೂ ಸಮ ಅನ್ನುತ್ತಾರೆ. ಜಗಳ ಬಂದಾಗ ಗೆಲ್ಲುವುದು ಯಾವುದು?

ಇಲ್ಲಿ ಎರಡು ಪಂಗಡ ಇವೆ. ಒಂದರ ಪ್ರಕಾರ ಪ್ರಕೃತಿಯ ಸಂಪತ್ತು ಕರಗಿದರೂ ಪರವಾಗಿಲ್ಲ, ಅದರ ಬದಲಿಗೆ ಹಣ, ವಿದ್ಯೆ, ಯಂತ್ರದ ರೂಪದಲ್ಲಿ ಅಷ್ಟೇ ಬೆಲೆಯ ಸಂಪತ್ತು ಮುಂದಿನವರಿಗೆ ಸಿಗಬೇಕು. ಇನ್ನೊಂದರ ಪ್ರಕಾರ ಕೆಲವಕ್ಕೆ ಬದಲಿಯೇ ಇಲ್ಲ. ಓಝೋನ್ ಪದರಕ್ಕೆ, ಸ್ಥಿರವಾದ ಹವಾಮಾನಕ್ಕೆ, ಜೀವಂತ ಮಣ್ಣಿಗೆ ಎಷ್ಟು ಹಣ ಕೊಟ್ಟರೂ ಪರ್ಯಾಯ ಸಿಗುವುದಿಲ್ಲ.

ಮೊದಲ ದಾರಿ ಕೂಡ ಸುಲಭವಲ್ಲ. ನಾರ್ವೆಗೆ 1969ರಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ತೈಲದ ಆದಾಯವನ್ನು ಕೂಡಿಡಲು 1990ರಲ್ಲಿ ಕಾನೂನು ಮಾಡಿ ನಿಧಿ ಕಟ್ಟಿತು. ಬಡ್ಡಿ ತಿನ್ನಬಹುದು, ಅಸಲು ಮುಟ್ಟಬಾರದು ಅನ್ನುವ ಲೆಕ್ಕ: ನಿಧಿಯ ನಿರೀಕ್ಷಿತ ಗಳಿಕೆಯಷ್ಟನ್ನು, ಈಗ ಸುಮಾರು ಶೇ. 3ರಷ್ಟನ್ನು ಮಾತ್ರ ಬಜೆಟ್‌ಗೆ ತೆಗೆಯಬೇಕು. ಪೆಸಿಫಿಕ್‌ನ ಪುಟ್ಟ ದ್ವೀಪ ನೌರುವಿಗೆ ಇಂಥದ್ದೇ ಅದೃಷ್ಟ ಫಾಸ್ಫೇಟ್ ರೂಪದಲ್ಲಿ ಬಂದಿತ್ತು. ಮೊದಲು ವಸಾಹತು ಆಡಳಿತಗಳು ಕಡಿಮೆ ಬೆಲೆಗೆ ಅಗೆದು ಸಾಗಿಸಿದವು. 1968ರಲ್ಲಿ ಸ್ವತಂತ್ರವಾದ ಮೇಲೆ ಅಲ್ಲಿಯೂ ಒಂದು ನಿಧಿ ಇತ್ತು. ಅದು ಕೆಟ್ಟ ಹೂಡಿಕೆಗಳಲ್ಲಿ ಕರಗಿತು. ಫಾಸ್ಫೇಟ್ ಬಹುಪಾಲು ಮುಗಿಯಿತು. ಈಗ ದ್ವೀಪದ ಒಳಭಾಗದಲ್ಲಿ ಉಳಿದಿರುವುದು ಬೆಳೆ ಬೆಳೆಯಲಾಗದ ಸುಣ್ಣಕಲ್ಲಿನ ಮೊನೆಗಳು.

ಆದರೆ ನಾರ್ವೆಯ ನಿಧಿಯೂ ತುಂಬಿದ್ದು ಹವಾಮಾನ ಕೆಡಿಸುವ ಇಂಧನ ಮಾರಿ. ಮೊದಲ ಪಂಗಡದ ಲೆಕ್ಕದಲ್ಲಿ ಅದು ಮಾದರಿ ದೇಶ, ಎರಡನೆಯದರ ಲೆಕ್ಕದಲ್ಲಿ ಅಲ್ಲ. ನಾನು ಎರಡನೆಯವರ ಕಡೆ. ಬದಲಿ ಇಲ್ಲದ್ದನ್ನು ಮೊದಲು ಬೇಲಿ ಹಾಕಿ ಕಾಯಬೇಕು. ಉಳಿದದ್ದರಲ್ಲಿ ಕೊಡು-ಕೊಳ್ಳುವಿಕೆ ಮಾಡಿಕೊಳ್ಳಬಹುದು.

ಇನ್ನೂ ಹುಟ್ಟದವರ ಪರವಾಗಿ ಸರ್ಕಾರದಲ್ಲಿ ಮಾತಾಡುವವರು ಯಾರು?

ಅವರಿಗೆ ಮತ ಇಲ್ಲ, ಧ್ವನಿ ಇಲ್ಲ. ಹಾಗಾಗಿ ಕೆಲವು ದೇಶಗಳು ಅವರ ಪರ ನಿಲ್ಲಲು ಒಂದು ಹುದ್ದೆಯನ್ನೋ ಸಮಿತಿಯನ್ನೋ ಸೃಷ್ಟಿಸಿವೆ. ಫಿನ್ಲೆಂಡ್ ಸಂಸತ್ತಿನಲ್ಲಿ 1993ರಿಂದಲೂ ಭವಿಷ್ಯದ ಸಮಿತಿ ಇದೆ. ಬ್ರಿಟನ್‌ನ ಭಾಗವಾದ ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಗಳ ಕ್ಷೇಮ ಕಾಯಿದೆಯನ್ನೇ ತಂದಿತು. ಸಾರ್ವಜನಿಕ ಸಂಸ್ಥೆಗಳು ದೂರದ ಪರಿಣಾಮ ಯೋಚಿಸಿಯೇ ತೀರ್ಮಾನ ಮಾಡಬೇಕು, ಇದನ್ನು ನೋಡಿಕೊಳ್ಳಲು ಒಬ್ಬ ಆಯುಕ್ತರಿರಬೇಕು ಅಂತ.

ಅದರ ಬಿಸಿ ತಟ್ಟಿದ್ದು 2019ರಲ್ಲಿ. ನ್ಯೂಪೋರ್ಟ್ ನಗರದ ಹತ್ತಿರದ ದಟ್ಟಣೆ ತಪ್ಪಿಸಲು ಎಂ4 ಹೆದ್ದಾರಿಗೆ ಪರ್ಯಾಯ ಮಾರ್ಗದ ಯೋಜನೆ ಇತ್ತು. ಅದು ಗ್ವೆಂಟ್ ಲೆವೆಲ್ಸ್ ಎಂಬ ಜೌಗು ಬಯಲನ್ನು ಸೀಳಿಕೊಂಡು ಹೋಗುತ್ತಿತ್ತು. ಸಾರ್ವಜನಿಕ ವಿಚಾರಣೆ ನಡೆಸಿದ ಅಧಿಕಾರಿ ರಸ್ತೆ ಕಟ್ಟಬಹುದು ಎಂದಿದ್ದರು. ಆಯುಕ್ತೆ ಸೋಫಿ ಹೌ ಬೇಡ ಎಂದು ವಾದಿಸಿದ್ದರು. ಆಗ ವೇಲ್ಸ್ ಸರ್ಕಾರದ ಮುಖ್ಯಸ್ಥರು, ಅಂದರೆ ಫಸ್ಟ್ ಮಿನಿಸ್ಟರ್, ಆಗಿದ್ದ ಮಾರ್ಕ್ ಡ್ರೇಕ್‌ಫೋರ್ಡ್ ಯೋಜನೆ ಕೈಬಿಟ್ಟರು. ಖರ್ಚಿನ ವಿಷಯ ಒಂದಾಯಿತು. ಹಣ ಇದ್ದಿದ್ದರೂ ಪರಿಸರದ ಮೇಲಿನ ಹಾನಿ ನೋಡಿ ಒಪ್ಪುತ್ತಿರಲಿಲ್ಲ ಎಂದೂ ಹೇಳಿದರು. ಗಮನಿಸಿ, ಯೋಜನೆ ತಡೆಯುವ ಅಧಿಕಾರ ಆಯುಕ್ತರಿಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಕಾನೂನು ಕೇಳುವ ಪ್ರಶ್ನೆಗೆ ಸರ್ಕಾರ ಎಲ್ಲರೆದುರು ಉತ್ತರ ಕೊಡಲೇಬೇಕಾಯಿತು.

ಇಂಥ ಹುದ್ದೆಗಳು ಬಾಳುತ್ತವೆ ಎಂಬ ಖಾತರಿ ಮಾತ್ರ ಇಲ್ಲ. ಇಸ್ರೇಲ್ 2001ರಲ್ಲಿ ಆರಂಭಿಸಿದ ಆಯೋಗ ಒಂದೇ ಅವಧಿಗೆ ಮುಗಿಯಿತು. ಬ್ರಿಟನ್ 2000ದಲ್ಲಿ ಸ್ಥಾಪಿಸಿದ ಸುಸ್ಥಿರ ಅಭಿವೃದ್ಧಿ ಆಯೋಗವನ್ನು ಖರ್ಚು ಉಳಿಸಲೆಂದು 2011ರಲ್ಲಿ ಮುಚ್ಚಿತು. ಹಂಗೇರಿಯಲ್ಲಿ ಪ್ರತ್ಯೇಕವಾಗಿದ್ದ ಹುದ್ದೆ 2012ರಲ್ಲಿ ಇನ್ನೊಂದು ಕಚೇರಿಯೊಳಗೆ ಸೇರಿಹೋಯಿತು. ಸರ್ಕಾರಕ್ಕೆ ಕಿರಿಕಿರಿ ಮಾಡಬೇಕಾದ ಸಂಸ್ಥೆಯನ್ನು ಸರ್ಕಾರದ ಮರ್ಜಿಗೆ ಬಿಟ್ಟರೆ ಆಗುವುದು ಹೀಗೆಯೇ.

ಕೋರ್ಟ್‌ಗಳೂ ಈ ಕೆಲಸ ಮಾಡಿವೆ. 1993ರಲ್ಲಿ ಫಿಲಿಪೀನ್ಸ್‌ನ ಸುಪ್ರೀಂ ಕೋರ್ಟ್, ಕಾಡು ಕಡಿಯುವ ಪರವಾನಗಿಗಳ ವಿರುದ್ಧ ಮಕ್ಕಳು ತಮ್ಮ ಪರವಾಗಿಯೂ ಮುಂದೆ ಹುಟ್ಟುವವರ ಪರವಾಗಿಯೂ ದಾವೆ ಹೂಡಬಹುದು ಎಂದು ಒಪ್ಪಿತು. 2021ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಅಲ್ಲಿನ ಹವಾಮಾನ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ ಎಂದಿತು. ಹಸಿರುಮನೆ ಅನಿಲಗಳ ಕಷ್ಟದ ಕಡಿತವನ್ನೆಲ್ಲ 2030ರ ನಂತರಕ್ಕೆ ತಳ್ಳಿ ಇವತ್ತಿನ ಯುವಜನರ ಸ್ವಾತಂತ್ರ್ಯ ಕಸಿಯುವಂತಿಲ್ಲ ಎಂಬುದು ಅದರ ಮಾತು. ಸರ್ಕಾರ ತಕ್ಷಣ ಗುರಿಯನ್ನು ಬಿಗಿ ಮಾಡಿತು.

ಹಣಕಾಸು ಇಲಾಖೆ ಭವಿಷ್ಯದ ಬೆಲೆ ಕಟ್ಟುವುದು ಹೇಗೆ?

ರಿಯಾಯಿತಿ ದರ ಎಂಬ ಒಂದು ಸಂಖ್ಯೆಯಿಂದ. ಮುಂದಿನ ಲಾಭ-ನಷ್ಟವನ್ನು ಇವತ್ತಿನ ಬೆಲೆಗೆ ತರಲು ಪ್ರತಿ ವರ್ಷಕ್ಕೆ ಇಷ್ಟು ಎಂದು ಇಳಿಸುವ ದರ ಇದು. ನೋಡಲು ಸಣ್ಣದು, ಆದರೆ ಸುಸ್ಥಿರ ಅಭಿವೃದ್ಧಿಯ ಹಣೆಬರಹ ಬಹಳ ಸಲ ಇದರಲ್ಲೇ ಬರೆದಿರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೂರು ವರ್ಷದ ನಂತರ 1000 ಕೋಟಿ ನಷ್ಟ ಆಗುತ್ತದೆ ಅಂದುಕೊಳ್ಳಿ. ಅದನ್ನು ತಪ್ಪಿಸಲು ಇವತ್ತು ಎಷ್ಟು ಖರ್ಚು ಮಾಡಬಹುದು? ವರ್ಷಕ್ಕೆ ಶೇ. 5ರ ದರ ಹಾಕಿದರೆ ಉತ್ತರ 8 ಕೋಟಿಗೂ ಕಡಿಮೆ. ಶೇ. 1ರ ದರ ಹಾಕಿದರೆ ಸುಮಾರು 370 ಕೋಟಿ. ನಷ್ಟ ಅದೇ, ಜನ ಅವರೇ. ಬದಲಾಗಿದ್ದು ಕಡತದ ಮೂಲೆಯ ಒಂದು ಅಂಕಿ ಮಾತ್ರ. ದರ ಜಾಸ್ತಿ ಇದ್ದಷ್ಟೂ ಮೊಮ್ಮಕ್ಕಳ ಕಷ್ಟ ಅಗ್ಗವಾಗುತ್ತಾ ಹೋಗುತ್ತದೆ.

ಬ್ರಿಟನ್‌ನ ಹಣಕಾಸು ಇಲಾಖೆ ಇದಕ್ಕೆ ಒಂದು ದಾರಿ ಕಂಡುಕೊಂಡಿತು. 2003ರ ತನ್ನ ಮಾರ್ಗಸೂಚಿಯಲ್ಲಿ ಮೊದಲ 30 ವರ್ಷಕ್ಕೆ ಶೇ. 3.5, ಆಮೇಲೆ ದೂರ ಹೋದಷ್ಟೂ ಮೆಟ್ಟಿಲು ಮೆಟ್ಟಿಲಾಗಿ ಇಳಿದು 300 ವರ್ಷದಾಚೆಗೆ ಶೇ. 1 ಎಂದು ನಿಗದಿ ಮಾಡಿತು. ಸಂಪೂರ್ಣ ಉತ್ತರ ಅಲ್ಲದಿದ್ದರೂ ನ್ಯಾಯದ ಕಡೆಗಿನ ಹೆಜ್ಜೆ. ಯಾವುದೇ ದೊಡ್ಡ ಯೋಜನೆಯ ಲಾಭ-ನಷ್ಟದ ವರದಿ ಕೈಗೆ ಸಿಕ್ಕಿದರೆ ಮೊದಲು ಈ ದರ ಹುಡುಕಿ.

ಮಾಲಿನ್ಯ ಮಾಡಿದವರೇ ಹಣ ಕೊಡಬೇಕು ಅನ್ನುವುದು, ಮುನ್ನೆಚ್ಚರಿಕೆ ತತ್ವ ಅನ್ನುವುದು ಏನು?

ಮೊದಲನೆಯದು ಸರಳ. ಕಾರ್ಖಾನೆ ಕೊಳಚೆ ಬಿಟ್ಟರೆ ಶುಚಿ ಮಾಡುವ ಖರ್ಚು ಕಾರ್ಖಾನೆಯದ್ದು, ಕೆಳಗಿನ ಊರಿನವರದ್ದಲ್ಲ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 1972ರಲ್ಲಿ ಇದನ್ನು ಒಪ್ಪಿತು, ರಿಯೊ ಶೃಂಗಸಭೆ ಹೊರಡಿಸಿದ ರಿಯೊ ಘೋಷಣೆ 1992ರಲ್ಲಿ ಜಗತ್ತಿಗೇ ಅನ್ವಯಿಸಿತು. ಎರಡನೆಯದು: ಸರಿಪಡಿಸಲಾಗದ ಅಪಾಯ ಎದುರಿಗಿದ್ದಾಗ, ಪೂರ್ತಿ ವೈಜ್ಞಾನಿಕ ಖಚಿತತೆ ಇಲ್ಲ ಎಂಬ ನೆಪ ಹೇಳಿ ಕ್ರಮ ಮುಂದೂಡಬಾರದು. ಮೀನೆಲ್ಲ ಮುಗಿದ ಮೇಲೆ ಖಚಿತತೆ ಸಿಕ್ಕಿ ಪ್ರಯೋಜನ ಏನು?

ಹಸಿರು ತೆರಿಗೆ ಅಂತ ಕೊನೆಗೆ ಹೊರೆ ಬೀಳುವುದು ಬಡವರ ಮೇಲೇ ಅಲ್ವಾ?

ಬೀಳಬಹುದು. ಈ ಭಯ ನ್ಯಾಯವಾದದ್ದು. ಫ್ರಾನ್ಸ್‌ನಲ್ಲಿ 2018ರಲ್ಲಿ ಇಂಧನ ತೆರಿಗೆ ಏರಿಕೆ ವಿರೋಧಿಸಿ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದವರಲ್ಲಿ ಬಹಳ ಜನ ಬಸ್ಸು, ರೈಲು ಸರಿಯಾಗಿಲ್ಲದ ಪಟ್ಟಣ, ಹಳ್ಳಿಗಳವರು. ಕಾರು ಬಿಟ್ಟು ಕೆಲಸಕ್ಕೆ ಹೋಗಲು ಅವರಿಗೆ ಬೇರೆ ದಾರಿ ಇರಲಿಲ್ಲ. ಸಂಪತ್ತಿನ ತೆರಿಗೆಯನ್ನು ಸಡಿಲಿಸಿದ ಸರ್ಕಾರವೇ ಇಂಧನದ ಮೇಲೆ ತೆರಿಗೆ ಏರಿಸಿದಾಗ ಸಿಟ್ಟು ಬರದೆ ಇರುತ್ತದಾ? ತೆರಿಗೆ ಏರಿಕೆ ಕೈಬಿಡಬೇಕಾಯಿತು.

ಪರ್ಯಾಯ ಮೊದಲು, ತೆರಿಗೆ ಆಮೇಲೆ. ಬಂದ ಹಣ ಕಡಿಮೆ ಆದಾಯದವರಿಗೆ ವಾಪಸ್ ಹೋಗಬೇಕು. ಈ ಎರಡನ್ನು ಬಿಟ್ಟು ಮಾಡಿದ ಹಸಿರು ನೀತಿಯನ್ನು ನಾನಂತೂ ಸುಸ್ಥಿರ ಎಂದು ಕರೆಯಲಾರೆ. ಇನ್ನೊಂದು ವಿಷಯ. ಕಲ್ಲಿದ್ದಲು, ತೈಲ, ಅನಿಲ ಬಳಕೆಗೆ ಸರ್ಕಾರಗಳು ಕೊಡುವ ಸಬ್ಸಿಡಿ 2022ರಲ್ಲಿ ಒಂದು ಲಕ್ಷ ಕೋಟಿ ಡಾಲರ್ ದಾಟಿತ್ತು ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಜಾಸ್ತಿ ಇಂಧನ ಉರಿಸುವವರಿಗೆ ಜಾಸ್ತಿ ಸಬ್ಸಿಡಿ ಸಿಗುತ್ತದೆ, ಅಂದರೆ ಉಳ್ಳವರಿಗೆ. ಹೊಸ ತೆರಿಗೆ ಹುಡುಕುವ ಮುಂಚೆ ಇದನ್ನು ನೋಡಬಹುದಲ್ಲ.

ಶ್ರೀಮಂತ ದೇಶಗಳು ಎಲ್ಲ ಹಾಳುಮಾಡಿ ಈಗ ಬಡ ದೇಶಗಳಿಗೆ ಬುದ್ಧಿ ಹೇಳುವುದು ಸರಿಯಾ?

ಸರಿಯಲ್ಲ, ಮತ್ತು ಕಾಗದದ ಮೇಲೆ ಜಗತ್ತೇ ಇದನ್ನು ಒಪ್ಪಿಕೊಂಡಿದೆ. ಜವಾಬ್ದಾರಿ ಎಲ್ಲರದ್ದು, ಆದರೆ ಎಲ್ಲರಿಗೂ ಒಂದೇ ಅಳತೆಯದ್ದಲ್ಲ ಎಂದು ರಿಯೊ ಘೋಷಣೆಯ ಏಳನೇ ತತ್ವ ಹೇಳುತ್ತದೆ. ಹಣ ಮತ್ತು ತಂತ್ರಜ್ಞಾನ ಕೊಡುವ ಮಾತು ಬಂದಾಗ ಮಾತ್ರ ಇದು ಮರೆತುಹೋಗುತ್ತದೆ.

ವಿಶ್ವಸಂಸ್ಥೆಯ 17 ಗುರಿಗಳು ಏನು? 2030ಕ್ಕೆ ಮುಟ್ಟುತ್ತೇವಾ?

2015ರ ಸೆಪ್ಟೆಂಬರ್‌ನಲ್ಲಿ 193 ದೇಶಗಳು ಒಪ್ಪಿಕೊಂಡ ಗುರಿಗಳು ಇವು. ಬಡತನ, ಹಸಿವು, ಆರೋಗ್ಯ, ಶಿಕ್ಷಣ, ನೀರು, ಅಸಮಾನತೆ, ಹವಾಮಾನ, ಕಡಲು, ಕಾಡು ಎಲ್ಲ ಸೇರಿವೆ. ಒಳಗೆ 169 ಉಪಗುರಿಗಳು. 2000ದಿಂದ 2015ರವರೆಗಿದ್ದ ಹಳೆಯ ಎಂಟು ಗುರಿಗಳು ಮುಖ್ಯವಾಗಿ ಬಡ ದೇಶಗಳಿಗೆ ಎಂಬಂತಿದ್ದವು. ಈಗಿನವು ಎಲ್ಲರಿಗೂ ಅನ್ವಯ.

ಮುಟ್ಟುತ್ತೇವಾ ಅಂದರೆ, ಈಗಿನ ವೇಗದಲ್ಲಿ ಇಲ್ಲ. ಪ್ರಗತಿ ಅಳೆಯಲು ಸಾಧ್ಯವಾದ ಉಪಗುರಿಗಳಲ್ಲಿ ಸರಿಯಾದ ದಾರಿಯಲ್ಲಿರುವುದು ಶೇ. 17 ಮಾತ್ರ ಎಂದು ವಿಶ್ವಸಂಸ್ಥೆಯ 2024ರ ವರದಿ ಹೇಳಿತು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಿಂತಲ್ಲೇ ನಿಂತಿವೆ ಅಥವಾ ಹಿಂದಕ್ಕೆ ಹೋಗಿವೆ. ಗುರಿ ತಪ್ಪಿದ ದೇಶಕ್ಕೆ ಶಿಕ್ಷೆ ಏನೂ ಇಲ್ಲ. ದೇಶಗಳು ತಾವಾಗಿ ತಮ್ಮ ವರದಿ ಒಪ್ಪಿಸುತ್ತವೆ, ಅಷ್ಟೇ.

ಹಾಗಾದರೆ ಇದು ಎಲ್ಲಾದರೂ ಕೆಲಸ ಮಾಡಿದೆಯಾ?

ಮಾಡಿದೆ. ಓಝೋನ್ ಪದರ ಕಾಯುವ 1987ರ ಮಾಂಟ್ರಿಯಲ್ ಒಪ್ಪಂದವನ್ನು ಜಗತ್ತಿನ ಎಲ್ಲ ದೇಶಗಳೂ ಒಪ್ಪಿವೆ. ವಿಜ್ಞಾನದ ವಾದ ಇನ್ನೂ ಪೂರ್ತಿ ಮುಗಿಯುವ ಮುಂಚೆಯೇ ಅದಕ್ಕೆ ಸಹಿ ಬಿತ್ತು. ಬಡ ದೇಶಗಳಿಗೆ ಹೆಚ್ಚು ಸಮಯ ಕೊಟ್ಟರು, ಬದಲಾವಣೆಯ ಖರ್ಚಿಗೆ ನಿಧಿ ಇಟ್ಟರು, ಒಪ್ಪದ ದೇಶಗಳ ಜೊತೆ ಓಝೋನ್ ಕೆಡಿಸುವ ರಾಸಾಯನಿಕಗಳ ವ್ಯಾಪಾರಕ್ಕೆ ತಡೆ ಹಾಕಿದರು. ಮೇಲೆ ಹೇಳಿದ ತತ್ವಗಳೆಲ್ಲ ಇಲ್ಲಿವೆ, ಜಾರಿ ಮಾಡಿಸುವ ಬಲದ ಸಮೇತ. 2040ರ ಸುಮಾರಿಗೆ ಜಗತ್ತಿನ ಹೆಚ್ಚಿನ ಕಡೆ ಓಝೋನ್ ಪದರ 1980ರ ಮಟ್ಟಕ್ಕೆ ಮರಳುವ ನಿರೀಕ್ಷೆ ಇದೆ.

ಮಧ್ಯ ಅಮೆರಿಕದ ಕೋಸ್ಟರಿಕಾ ಇನ್ನೊಂದು ಉದಾಹರಣೆ. ಎಂಬತ್ತರ ದಶಕಕ್ಕೆ ಅಲ್ಲಿನ ಕಾಡು ನೆಲದ ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು. 1996ರ ಕಾನೂನು ಕಾಡನ್ನು ಬೇರೆ ಬಳಕೆಗೆ ಕಡಿಯುವುದನ್ನು ನಿಷೇಧಿಸಿತು. 1997ರಿಂದ ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಕೊಡಲು ಶುರುಮಾಡಿದರು. ಈಗ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಕಾಡಿದೆ. ದನದ ಮಾಂಸದ ಬೆಲೆ ಕುಸಿದದ್ದು, ಪ್ರವಾಸೋದ್ಯಮ ಬೆಳೆದದ್ದೂ ನೆರವಾದವು. ಎಲ್ಲ ಯಶಸ್ಸನ್ನೂ ನೀತಿಯ ಖಾತೆಗೆ ಬರೆಯುವಂತಿಲ್ಲ.

ಒಂದು ನೀತಿ ದಾಖಲೆ ನಿಜವಾದದ್ದೋ ಬರೀ ಕಣ್ಣೊರೆಸುವುದೋ ಎಂದು ತಿಳಿಯುವುದು ಹೇಗೆ?

ಮುನ್ನುಡಿ ಬಿಟ್ಟು ಬಜೆಟ್ ಪುಟಕ್ಕೆ ಹೋಗಿ. ಗುರಿಗೆ ಹಣ ಇದೆಯಾ? ವರ್ಷ, ಸಂಖ್ಯೆ, ಹೊಣೆ ಹೊತ್ತ ಇಲಾಖೆಯ ಹೆಸರು ಇದೆಯಾ? 'ಪ್ರೋತ್ಸಾಹಿಸಲಾಗುವುದು', 'ಪರಿಶೀಲಿಸಲಾಗುವುದು' ಎಂದಷ್ಟೇ ಇದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ ಎಂದೇ ಅರ್ಥ. ಪರಿಸರ ಪರಿಣಾಮದ ಅಧ್ಯಯನ ಯಾವ ತಾರೀಕಿನದು ನೋಡಿ. ಟೆಂಡರ್ ಕರೆದ ಮೇಲೆ ಮಾಡಿದ್ದರೆ ಅದು ತೀರ್ಮಾನಕ್ಕೆ ನೆರವಾಗಲು ಬರೆದದ್ದಲ್ಲ. ಬೇರೆ ದಾರಿಗಳನ್ನು ಹೋಲಿಸಿದ್ದಾರಾ, ಯೋಜನೆಯೇ ಬೇಡ ಅನ್ನುವ ಆಯ್ಕೆಯನ್ನೂ ತೂಗಿದ್ದಾರಾ ಎಂಬುದೂ ಮುಖ್ಯ.

ಸಾಮಾನ್ಯ ಜನ ಇದರಲ್ಲಿ ಎಲ್ಲಿ ಕೈ ಹಾಕಬಹುದು?

ಮಾಹಿತಿ ಕೇಳುವಲ್ಲಿ, ಸಾರ್ವಜನಿಕ ವಿಚಾರಣೆಯಲ್ಲಿ, ಕೋರ್ಟ್‌ನಲ್ಲಿ. ಯುರೋಪ್ ಭಾಗದ ದೇಶಗಳು 1998ರ ಆರ್ಹಸ್ ಒಪ್ಪಂದದಲ್ಲಿ, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳು 2018ರ ಎಸ್ಕಾಝು ಒಪ್ಪಂದದಲ್ಲಿ ಈ ಮೂರನ್ನೂ ಹಕ್ಕು ಎಂದು ಬರೆದುಕೊಂಡಿವೆ. ಉಳಿದ ಕಡೆಯೂ ಬಹಳಷ್ಟು ದೇಶಗಳಲ್ಲಿ ಮಾಹಿತಿ ಹಕ್ಕು ಮತ್ತು ಪರಿಸರ ವಿಚಾರಣೆಯ ನಿಯಮ ಇವೆ. ವಿಚಾರಣೆಗೆ ಹೋಗುವವರು ಬರೀ ವಿರೋಧ ಹೇಳಿ ಬರಬೇಡಿ. ನೀವು ಕಣ್ಣಾರೆ ಕಂಡದ್ದನ್ನು ದಿನಾಂಕ ಸಮೇತ ಬರೆದು ಕೊಡಿ: ಬಾವಿಯ ನೀರು ಯಾವ ವರ್ಷ ಬಣ್ಣ ತಿರುಗಿತು, ಬಲೆಗೆ ಬೀಳುವ ಮೀನು ಎಷ್ಟು ಚಿಕ್ಕದಾಗಿದೆ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ. ಹಾಗೆ ದಾಖಲಾದ ಮಾತಿಗೆ ಉತ್ತರ ಕೊಡದೆ ಹೊರಬಂದ ತೀರ್ಮಾನವನ್ನು ಕೋರ್ಟ್‌ನಲ್ಲಿ ಪ್ರಶ್ನಿಸುವುದು ಸುಲಭ.